ನೋ ಎಂಟ್ರಿ ವೇಳೆ, ತೂಕ, ಇಳಿಜಾರು: ಪುಣೆಯಲ್ಲಿ ಟ್ರಕ್‌ಗಳಿಗೆ ಟೆಲಿಮ್ಯಾಟಿಕ್ಸ್ ಅಳವಡಿಸಿದ ನನ್ನ ಅನುಭವ

ಪುಣೆಯ ಒಂದು ಸಾರಿಗೆ ಸಂಸ್ಥೆಯಲ್ಲಿ ವಾಹನಗಳ ಪರ್ಮಿಟ್, ತೂಕ ಮತ್ತು ದಂಡದ ವ್ಯವಹಾರಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮ ಗಾಡಿಗಳು ತೋರಣಗಲ್ಲು ಕಡೆಯಿಂದ ಉಕ್ಕಿನ ಕಾಯಿಲ್‌ಗಳನ್ನು ಹೊತ್ತು ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಸಾತಾರಾ ದಾಟಿ ಚಾಕಣ್‌ಗೂ ಮುಂಬೈ ಬದಿಯ ಕಳಂಬೋಲಿಗೂ ಬರುತ್ತವೆ. ಚಾಲಕರಲ್ಲಿ ಹೆಚ್ಚಿನವರು ವಿಜಯಪುರ, ಬಾಗಲಕೋಟೆ ಜಿಲ್ಲೆಗಳವರು. ಗಾಡಿಗಳಲ್ಲಿ ಜಿಪಿಎಸ್ ಬಹಳ ಹಿಂದಿನಿಂದಲೂ ಇತ್ತು. ಆದರೆ ಗಾಡಿ ಎಲ್ಲಿದೆ ಎಂದು ಮಾಲೀಕರು ಮೊಬೈಲಿನಲ್ಲಿ ನೋಡಿಕೊಳ್ಳುವುದಕ್ಕಷ್ಟೇ ಅದರ ಉಪಯೋಗ ಮುಗಿಯುತ್ತಿತ್ತು. ಆ ಗಾಡಿ ಆ ಹೊತ್ತಿನಲ್ಲಿ, ಆ ತೂಕದೊಡನೆ, ಆ ರಸ್ತೆಯಲ್ಲಿ ಇರಬಹುದೇ ಎಂಬ ಪ್ರಶ್ನೆಗೆ ಪರದೆಯ ಮೇಲೆ ಉತ್ತರವಿರಲಿಲ್ಲ. ಆ ಉತ್ತರಕ್ಕಾಗಿಯೇ ನಾವು ಟೆಲಿಮ್ಯಾಟಿಕ್ಸ್, ಅಂದರೆ ಗಾಡಿಯ ಸ್ಥಾನ, ವೇಗ, ಎಂಜಿನ್ ಮಾಹಿತಿಯನ್ನು ದೂರದ ಕಚೇರಿಗೆ ಕಳಿಸುವ ವ್ಯವಸ್ಥೆ, ಅಳವಡಿಸಿದೆವು.

ಪ್ರಯಾಣಿಕರನ್ನು ಒಯ್ಯುವ ಸಾರಿಗೆ ವಾಹನಗಳಿಗೆ ಗಾಡಿಯ ಸ್ಥಾನ ತಿಳಿಸುವ, ಎಐಎಸ್-140 ಎಂಬ ಭಾರತೀಯ ಮಾನದಂಡದ ಸಾಧನವನ್ನು 2019ರಿಂದ ಕಡ್ಡಾಯ ಮಾಡಲಾಗಿದೆ. ಉಕ್ಕು ಸಾಗಿಸುವ ನಮಗೆ ಆ ಕಡ್ಡಾಯ ಅನ್ವಯಿಸದಿದ್ದರೂ ಅದೇ ಮಾನದಂಡದ ಸಾಧನವನ್ನೇ ಕೊಳ್ಳಬೇಕೆಂದು ನಾನು ಹಟ ಹಿಡಿದೆ. ಒಳಗೇ ಬ್ಯಾಟರಿ ಇರುವುದರಿಂದ ಯಾರಾದರೂ ವೈರ್ ಕಿತ್ತರೂ ಅದು ಸುದ್ದಿ ಕಳಿಸುತ್ತದೆ. ಸಿಗ್ನಲ್ ಇಲ್ಲದ ಘಾಟಿಯಲ್ಲಿ ದಾಖಲೆಗಳನ್ನು ಇಟ್ಟುಕೊಂಡು ನಂತರ ರವಾನಿಸುತ್ತದೆ. ಅಗ್ಗದ ಸಾಧನಗಳು ಇಂಥ ಕಡೆ ಮೌನವಾಗಿಬಿಡುತ್ತವೆ, ವಾದ ಹುಟ್ಟುವುದೂ ಆ ಮೌನದ ಅವಧಿಯ ಬಗ್ಗೆಯೇ.

ಸಾಧನ ಕೂರಿಸುವುದು ಸುಲಭದ ಕೆಲಸ. ಶ್ರಮ ಹಿಡಿದದ್ದು ನಿಯಮಗಳನ್ನು ನಕ್ಷೆಗೆ ಇಳಿಸುವುದರಲ್ಲಿ. ಭಾರೀ ವಾಹನಗಳಿಗೆ ಯಾವ ರಸ್ತೆ ಯಾವಾಗ ಮುಚ್ಚಿರುತ್ತದೆ ಎಂಬುದು ಒಂದೇ ಕಡೆ ಬರೆದಿಟ್ಟ ಮಾಹಿತಿಯಲ್ಲ. ಪುಣೆ, ಪಿಂಪ್ರಿ-ಚಿಂಚ್‌ವಡ್, ಠಾಣೆ, ನವಿ ಮುಂಬೈ, ಮುಂಬೈ ಎಂದು ಪ್ರತಿಯೊಂದು ಪೊಲೀಸ್ ಕಮಿಷನರೇಟ್ ತನ್ನದೇ ಅಧಿಸೂಚನೆ ಹೊರಡಿಸುತ್ತದೆ, ಅವು ಮರಾಠಿಯಲ್ಲಿರುತ್ತವೆ, ಮೆಟ್ರೊ ಕಾಮಗಾರಿ, ಸೇತುವೆ ದುರಸ್ತಿ, ಹಬ್ಬದ ಮೆರವಣಿಗೆ ಎಂದು ಬದಲಾಗುತ್ತಲೇ ಇರುತ್ತವೆ. ಗಣೇಶೋತ್ಸವದ ಮುನ್ನಾದಿನಗಳಲ್ಲಿ ಕೊಂಕಣಕ್ಕೆ ಹೋಗುವವರ ದಟ್ಟಣೆಗಾಗಿ ಮುಂಬೈ–ಗೋವಾ ಹೆದ್ದಾರಿಯಲ್ಲಿ ಭಾರೀ ಸರಕು ವಾಹನಗಳನ್ನು ತಡೆಯುವುದು ವರ್ಷವರ್ಷವೂ ನಡೆಯುವಂಥದ್ದು. ಆದ್ದರಿಂದ ನಾನು ಮೊದಲು ಮಾಡಿದ್ದು ಒಂದು ನಿಯಮಪಟ್ಟಿ: ರಸ್ತೆಯ ಯಾವ ಭಾಗ, ಯಾವ ದಿಕ್ಕು, ಯಾವ ವರ್ಗದ ವಾಹನ, ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಯಾವ ದಿನದಿಂದ ಯಾವ ದಿನದವರೆಗೆ, ಯಾರಿಗೆ ವಿನಾಯಿತಿ, ಮತ್ತು ಇವೆಲ್ಲಕ್ಕೂ ಆಧಾರವಾದ ಅಧಿಸೂಚನೆಯ ಪ್ರತಿ. ಕೊನೆಯ ದಿನಾಂಕ ಬರೆಯದ ನಿಯಮವನ್ನು ಪಟ್ಟಿಗೆ ಸೇರಿಸಲು ನಾನು ಒಪ್ಪುವುದಿಲ್ಲ. ಅಧಿಸೂಚನೆಯಲ್ಲಿ ಅದು ಇಲ್ಲದಿದ್ದರೆ ಮರುಪರಿಶೀಲನೆಯ ದಿನಾಂಕವನ್ನು ನಾನೇ ಹಾಕುತ್ತೇನೆ.

ನಂತರದ ತೊಡಕು ಜಿಯೊಫೆನ್ಸ್‌ನದು, ಅಂದರೆ ಗಾಡಿ ಒಳಹೊಕ್ಕರೆ ಎಚ್ಚರಿಕೆ ಬರುವಂತೆ ನಕ್ಷೆಯ ಮೇಲೆ ಎಳೆದ ಗಡಿಯದು. ಸೇವಾ ಪೂರೈಕೆದಾರರು ಪ್ರದೇಶದ ಸುತ್ತ ಒಂದು ವೃತ್ತ ಎಳೆದು ಕೊಟ್ಟಿದ್ದರು. ದೇಹೂ ರೋಡ್–ಕಾತ್ರಜ್ ಬೈಪಾಸ್‌ನಲ್ಲಿ ಅದು ನಿಲ್ಲುವ ಮಾತಲ್ಲ, ಏಕೆಂದರೆ ಹೆದ್ದಾರಿ, ಸರ್ವಿಸ್ ರಸ್ತೆ ಮತ್ತು ಅಡ್ಡ ಹಾಯುವ ನಗರದ ರಸ್ತೆಗಳು ಅಲ್ಲಿ ಒಂದರ ಮೇಲೊಂದು, ಪಕ್ಕಪಕ್ಕದಲ್ಲಿ ಇವೆ. ಫ್ಲೈಓವರ್ ಮೇಲೆ ಹೋಗುವ ಗಾಡಿ ಕೆಳಗಿನ ನಿಷೇಧಿತ ರಸ್ತೆಯಲ್ಲಿದೆಯೆಂದು ಎಚ್ಚರಿಕೆ ಬರುತ್ತಿತ್ತು. ಹೊಸ ಕಾತ್ರಜ್ ಸುರಂಗದಿಂದ ಹೊರಬಂದ ಗಾಡಿಯ ಸ್ಥಾನ ಒಮ್ಮೆಲೇ ಜಿಗಿದು ಇಲ್ಲದ ವೇಗವನ್ನು ತೋರಿಸುತ್ತಿತ್ತು. ವೃತ್ತಗಳನ್ನು ತೆಗೆಸಿ ರಸ್ತೆಯ ರೇಖೆಗೆ ಹೊಂದಿಕೊಂಡ ಕಿರಿದಾದ ಪಟ್ಟಿಗಳನ್ನು ಹಾಕಿಸಿದೆ. ಸಾಧನ ಕಳಿಸಿದ ಸತತ ಹಲವು ಸ್ಥಾನಬಿಂದುಗಳು ಆ ಪಟ್ಟಿಯೊಳಗೆ ಬಿದ್ದು, ಗಾಡಿಯ ದಿಕ್ಕೂ ರಸ್ತೆಯ ದಿಕ್ಕಿಗೆ ಹೊಂದಿದರೆ ಮಾತ್ರ ಉಲ್ಲಂಘನೆಯೆಂದು ದಾಖಲಿಸಬೇಕೆಂದು ಷರತ್ತು ಇಟ್ಟೆ. ಸುಳ್ಳು ಎಚ್ಚರಿಕೆಗಳು ಉಳಿದರೆ ಚಾಲಕರೂ ಕಚೇರಿಯವರೂ ನಿಜವಾದದ್ದನ್ನು ಸಹ ಕಡೆಗಣಿಸುತ್ತಾರೆ.

ತೂಕದ ವಿಷಯದಲ್ಲಿ ಸೆನ್ಸರ್‌ಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಏರ್ ಸಸ್ಪೆನ್ಷನ್ (ಸ್ಪ್ರಿಂಗ್ ಬದಲು ಗಾಳಿಚೀಲ) ಇರುವ ಗಾಡಿಯಲ್ಲಿ ಗಾಳಿಯ ಒತ್ತಡದಿಂದ ಆ್ಯಕ್ಸಲ್ (ಚಕ್ರಗಳ ಅಚ್ಚು) ಮೇಲಿನ ಭಾರವನ್ನು ಸಾಕಷ್ಟು ಸರಿಯಾಗಿ ತಿಳಿಯಬಹುದು. ನಮ್ಮವು ಹೆಚ್ಚಾಗಿ ಪಟ್ಟೆ ಸ್ಪ್ರಿಂಗಿನ ಗಾಡಿಗಳು. ಸ್ಪ್ರಿಂಗ್ ಸವೆದಂತೆ, ಪಟ್ಟೆ ಬದಲಿಸಿದಂತೆ ಅಳತೆ ಸರಿಯುತ್ತದೆ. ಹಾಗಾಗಿ ಲೋಡಿಂಗ್ ಸ್ಥಳದ ವೇ ಬ್ರಿಜ್‌ನ (ಗಾಡಿ ತೂಗುವ ಕಾಟಾದ) ಕಾಟಾ ಚೀಟಿಯನ್ನು ಚಾಲಕ ಫೋಟೊ ತೆಗೆದು ಕಳಿಸಿದ ಮೇಲೆಯೇ ಟ್ರಿಪ್ ತೆರೆಯುವಂತೆ ಮಾಡಿದೆ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಟ್ಯಾಂಡೆಮ್ ಆ್ಯಕ್ಸಲ್‌ನ (ಒಂದರ ಹಿಂದೊಂದು ಇರುವ ಜೋಡಿ ಅಚ್ಚಿನ) ಮಿತಿಯನ್ನು 19 ಟನ್‌ಗಳಿಂದ 21 ಟನ್‌ಗಳಿಗೆ ಏರಿಸಿದಾಗ ಹಲವರು ಒಟ್ಟು ತೂಕವೊಂದನ್ನೇ ಲೆಕ್ಕ ಹಿಡಿದರು. ಕಾಯಿಲ್ ಅಂಥ ಸರಕಲ್ಲ. ಒಂದೇ ಜಾಗದಲ್ಲಿ ಇಡೀ ಭಾರವನ್ನು ಇಳಿಸುತ್ತದೆ, ಒಟ್ಟು ತೂಕ ಮಿತಿಯೊಳಗಿದ್ದರೂ ಹಿಂದಿನ ಆ್ಯಕ್ಸಲ್ ಮಿತಿ ದಾಟಿರಬಹುದು. ಅದಕ್ಕಾಗಿ ಕಾಯಿಲ್ ಎಲ್ಲಿ ಕೂತಿದೆ ಎಂಬ ಫೋಟೊವನ್ನೂ ಕೇಳುತ್ತೇವೆ. ಅಧಿಕ ಭಾರಕ್ಕೆ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ 2,000 ರೂಪಾಯಿ ದಂಡ, ಅದರ ಮೇಲೆ ಹೆಚ್ಚುವರಿ ಸರಕನ್ನು ಅಲ್ಲೇ ಇಳಿಸುವ ಖರ್ಚು ಎಂದು ಲೆಕ್ಕ ತೋರಿಸಿದ ಮೇಲೆ ಮಾಲೀಕರು ಮರುಮಾತಾಡಲಿಲ್ಲ.

ನನಗೆ ಅತ್ಯಂತ ಮುಖ್ಯವೆನಿಸಿದ್ದು ಕಾತ್ರಜ್ ಸುರಂಗದಿಂದ ನವಲೆ ಸೇತುವೆಯವರೆಗಿನ ಇಳಿಜಾರು. 2022ರ ನವೆಂಬರಿನಲ್ಲಿ ಅಲ್ಲಿ ಒಂದು ಭಾರೀ ವಾಹನ ಹತ್ತಾರು ವಾಹನಗಳಿಗೆ ಗುದ್ದಿದ್ದನ್ನು ಪುಣೆಯವರು ಮರೆತಿಲ್ಲ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಹಾಕಿ ಇಳಿಸುವ ಅಭ್ಯಾಸ ಹಳೆಯದು. ವೇಗಮಿತಿಯ ಎಚ್ಚರಿಕೆ ಬರುವಷ್ಟರಲ್ಲಿ ಗಾಡಿ ಕೈಮೀರಿರುತ್ತದೆ. ಬಿಎಸ್-6 (ಹೊಸ ಹೊಗೆ ಮಾನದಂಡದ) ಗಾಡಿಗಳಲ್ಲಿ ಎಂಜಿನ್ ಎಷ್ಟು ಸುತ್ತುತ್ತಿದೆ ಎಂಬ ಮಾಹಿತಿ ಸಾಧನಕ್ಕೆ ಸಿಗುತ್ತದೆ: ವೇಗ ಏರುತ್ತಿದ್ದು ಎಂಜಿನ್ ಮಾತ್ರ ನಿಂತ ಗಾಡಿಯಲ್ಲಿರುವಂತೆ ನಿಧಾನವಾಗಿ ಸುತ್ತುತ್ತಿದ್ದರೆ ಅದು ನ್ಯೂಟ್ರಲ್ ಎಂದೇ ತಿಳಿಯಬೇಕು. ಈ ಎರಡನ್ನೂ ಕೂಡಿಸಿ ಎಚ್ಚರಿಕೆ ಹೊರಡಿಸುವಂತೆ ಮಾಡಿಸಿದೆ, ಮತ್ತು ಅದು ದಂಡದ ಪಟ್ಟಿಗೆ ಹೋಗದೆ ನೇರವಾಗಿ ಹಿರಿಯ ಚಾಲಕರೊಬ್ಬರಿಗೆ ಹೋಗುತ್ತದೆ. ಗೇರಿನಲ್ಲಿಟ್ಟು ಆ್ಯಕ್ಸಲರೇಟರ್ ಬಿಟ್ಟರೆ ಹೊಸ ಎಂಜಿನ್ ಡೀಸೆಲ್ ಚಿಮ್ಮಿಸುವುದನ್ನೇ ನಿಲ್ಲಿಸುತ್ತದೆ, ನ್ಯೂಟ್ರಲ್‌ನಲ್ಲಿ ಸ್ವಲ್ಪವಾದರೂ ಸುಡುತ್ತದೆ ಎಂದು ಅವರು ಊರಿನ ಮಾತಿನಲ್ಲಿ ತಿಳಿಸಿ ಹೇಳಿದ್ದು ನನ್ನ ಸುತ್ತೋಲೆಗಿಂತ ಹೆಚ್ಚು ಫಲ ಕೊಟ್ಟಿತು.

ಚಾಲಕರ ಆಕ್ಷೇಪ ಬೇರೆಯೇ ಇತ್ತು. “ಸಾಹೇಬ್ರ, ಗಾಡಿ ನಿಂತದ್ದು ನಿಮಗ ಕಾಣತೈತಿ, ಯಾಕ ನಿಂತೈತಿ ಅನ್ನೂದು ಕಾಣಂಗಿಲ್ಲ,” ಎಂದು ಬಾಗಲಕೋಟೆಯ ಒಬ್ಬರು ಹೇಳಿದರು. ನೋ ಎಂಟ್ರಿ ಮುಗಿಯಲೆಂದು ಊರ ಹೊರಗೆ ಕಾಯುವ ಹೊತ್ತೆಲ್ಲ ಅವರ ಲೆಕ್ಕದಲ್ಲಿ ತಡವೆಂದು ಬೀಳುತ್ತಿತ್ತು. ಆ ಭಯವೇ ಅವರನ್ನು ನಿಷೇಧದ ವೇಳೆಯಲ್ಲಿ ಒಳಗೆ ನುಗ್ಗಿಸುತ್ತಿತ್ತು. ಈಗ ನಿಯಮಪಟ್ಟಿಯಿಂದಲೇ ಕಾಯುವ ಅವಧಿಯನ್ನು ಲೆಕ್ಕ ಹಾಕಿ ಪ್ರಯಾಣದ ವೇಳೆಗೆ ಸೇರಿಸುತ್ತೇವೆ, ಕಾಯಬೇಕಾದ ಜಾಗವನ್ನು ಕನ್ನಡದ ಧ್ವನಿಸಂದೇಶದಲ್ಲಿ ಮೊದಲೇ ತಿಳಿಸುತ್ತೇವೆ. ಸರಕು ಸಾಗಣೆಗೆ ಜಿಎಸ್‌ಟಿಯಡಿ ಬೇಕಾದ ಇ-ವೇ ಬಿಲ್‌ಗೆ ಪ್ರತಿ 200 ಕಿಲೋಮೀಟರಿಗೆ ಒಂದು ದಿನದ ಅವಧಿ ಮಾತ್ರ ಇರುವುದರಿಂದ, ಗಾಡಿ ಕೆಟ್ಟೋ ಘಾಟಿಯಲ್ಲಿ ಸಿಕ್ಕಿಯೋ ತಡವಾದಾಗ ಅದನ್ನು ವಿಸ್ತರಿಸಲು ಅವಧಿ ಮುಗಿಯುವ ಮೊದಲಿನ ಮತ್ತು ನಂತರದ ಎಂಟು ಗಂಟೆಗಳ ಅವಕಾಶ ಕೈತಪ್ಪದಂತೆ ಇದೇ ಪರದೆ ನೆನಪಿಸುತ್ತದೆ.

ಆಸ್ಟ್ರೇಲಿಯಾದ ಇಂಟೆಲಿಜೆಂಟ್ ಆ್ಯಕ್ಸೆಸ್ ಪ್ರೋಗ್ರಾಂನಲ್ಲಿ ಹೀಗೆ ನಿಗಾಕ್ಕೆ ಒಪ್ಪಿದ ಭಾರೀ ವಾಹನಗಳಿಗೆ ಬೇರೆಯವರಿಗೆ ಸಿಗದ ರಸ್ತೆಗಳೂ ಹೆಚ್ಚಿನ ತೂಕವೂ ಸಿಗುತ್ತಿದ್ದವು. ನಮ್ಮ ದಾಖಲೆಗೆ ಇಲ್ಲಿ ಅಂಥ ಪ್ರತಿಫಲವಿಲ್ಲ. ದಂಡದ ಹಣ ಉಳಿಯುತ್ತದೆ, ಜಗಳ ತಪ್ಪುತ್ತದೆ, ಅಷ್ಟೇ. ಬಾಡಿಗೆಗೆ ಹಿಡಿದ ಹೊರಗಿನ ಗಾಡಿಗಳ ಪ್ರಶ್ನೆ ಮಾತ್ರ ಹಾಗೆಯೇ ಇದೆ. ಅವುಗಳಲ್ಲಿ ನಮ್ಮ ಸಾಧನವಿರುವುದಿಲ್ಲ. ಚಾಲಕರ ಒಪ್ಪಿಗೆ ಪಡೆದು ಮೊಬೈಲ್ ಸಿಮ್‌ನಿಂದ ಸ್ಥಾನ ತಿಳಿಯುತ್ತೇವೆ. ಟವರಿನ ಅಂದಾಜಿನಿಂದ ಗಾಡಿ ಬೈಪಾಸ್‌ನಲ್ಲಿದೆಯೋ ಪಕ್ಕದ ನಿಷೇಧಿತ ರಸ್ತೆಯಲ್ಲಿದೆಯೋ ಹೇಳಲಾಗದು. ಆದ್ದರಿಂದ ಅಂಥ ಗಾಡಿಗಳಿಗೆ ಕಾಟಾ ಚೀಟಿ ಕಡ್ಡಾಯ ಮಾಡಿ, ಪುಣೆಯ ಗಡಿಯನ್ನು ರಾತ್ರಿಯೇ ಮುಟ್ಟುವಂತೆ ಹೊರಡುವ ವೇಳೆಯನ್ನು ನಿಗದಿ ಮಾಡುತ್ತೇವೆ.