ಎರಡೂ ಕೈಯ ನಾಡಿ

ಮೆಟ್ಟುಗತ್ತಿ ಮುಂದೆ ಕೂತು ಹತ್ತು ನಿಮಿಷ ಅಡಿಕೆ ಸುಲಿದರೆ ಸಾಕು, ಎಡಗೈ ಸೋತುಹೋಗುತ್ತದೆ ಎಂದಳು ಆ ಹುಡುಗಿ. ವಯಸ್ಸು 24. "ನೋವು ಅಂತಲ್ಲ ಡಾಕ್ಟ್ರೇ, ಕೈಯಲ್ಲಿ ಜೀವವೇ ಇಲ್ಲದ ಹಾಗಾಗ್ತದೆ. ಎರಡು ನಿಮಿಷ ಸುಮ್ನೆ ಕೂತರೆ ಸರಿಹೋಗ್ತದೆ. ಮತ್ತೆ ಶುರು ಮಾಡಿದರೆ ಮತ್ತೆ ಅದೇ." ಜೊತೆಗೆ ಸುಸ್ತು. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ಮೂರು ತಿಂಗಳಲ್ಲಿ ಆರು ಕೆಜಿ ಇಳಿದಿದ್ದಳು.

ನಾನು ಶಿವಮೊಗ್ಗ ಜಿಲ್ಲೆಯಲ್ಲಿ ಫಿಜಿಶಿಯನ್. ಅಡಿಕೆ ಕೊಯ್ಲಿನ ಕಾಲದಲ್ಲಿ ಕೈನೋವು ಅಂತ ಬರುವವರು ಜಾಸ್ತಿ. ಹಾಗಾಗಿ ಅವಳು ಹೇಳಿದ್ದನ್ನು ನಾನು ಸರಿಯಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಚೀಟಿಯಲ್ಲಿ ಬಿಪಿ 86/60 ಅಂತಿತ್ತು, ಹಿಮೋಗ್ಲೋಬಿನ್ 9. ಲೋ ಬಿಪಿ, ರಕ್ತ ಕಡಿಮೆ ಎಂದು ಬರೆದೆ. ಕಬ್ಬಿಣದ ಮಾತ್ರೆ ಕೊಟ್ಟೆ. ಊಟದಲ್ಲಿ ಉಪ್ಪು ಸ್ವಲ್ಪ ಜಾಸ್ತಿ ಇರಲಿ ಎಂದೂ ಹೇಳಿ ಕಳಿಸಿದೆ. ಆ ಉಪ್ಪಿನ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ತಿಂಗಳಾದ ಮೇಲೆ ತಲೆನೋವು ಎಂದು ಮತ್ತೆ ಬಂದಳು. ಮಾತಾಡುತ್ತಾ ಎಡ ಮಣಿಕಟ್ಟು ಹಿಡಿದೆ. ನಾಡಿ ಸಿಗಲಿಲ್ಲ. ಬೆರಳು ಆಚೀಚೆ ಸರಿಸಿದೆ. ಜೋರಾಗಿ ಒತ್ತಿದೆ, ಮೆಲ್ಲಗೆ ಒತ್ತಿದೆ. ಇಲ್ಲ. ಬಲಗೈ ಹಿಡಿದರೆ ಬೆರಳಿಗೆ ಗುದ್ದುವ ಹಾಗೆ ಹೊಡೆದುಕೊಳ್ಳುತ್ತಿತ್ತು. ಬಿಪಿ ನಾನೇ ನೋಡಿದೆ. ಎಡಗೈ 84, ಬಲಗೈ 170/100. ಎಡ ಕೊರಳೆಲುಬಿನ ಮೇಲಿನ ಗುಂಡಿಯಲ್ಲಿ ಸ್ಟೆತಾಸ್ಕೋಪ್ ಇಟ್ಟು ಉಸಿರು ಹಿಡಿಯಲು ಹೇಳಿದೆ. ಪ್ರತಿ ಬಡಿತಕ್ಕೂ 'ಹುಷ್, ಹುಷ್' ಎನ್ನುವ ಸದ್ದು. ಸಣ್ಣ ಸಂದಿಯಲ್ಲಿ ನೀರು ನುಗ್ಗುವಾಗ ಬರುತ್ತದಲ್ಲ, ಹಾಗೆ.

ಲೋ ಬಿಪಿ ಎಂದು ನಾನು ಬರೆದ ಹುಡುಗಿಗೆ ಇದ್ದದ್ದು ಹೈ ಬಿಪಿ. ಎಡಗೈಗೆ ರಕ್ತ ಒಯ್ಯುವ ನಾಳವೇ ಕಿರಿದಾಗಿತ್ತು. ನಮ್ಮ ಓಪಿಡಿಯಲ್ಲಿ ಕುರ್ಚಿ ಹಾಕಿರುವ ರೀತಿಗೆ ರೋಗಿಯ ಎಡಗೈಯೇ ಮೇಜಿನ ಮೇಲೆ ಬರುತ್ತಿತ್ತು. ಎಲ್ಲರಿಗೂ ಅದೇ ಕೈಯಲ್ಲಿ ಬಿಪಿ ನೋಡುತ್ತಿದ್ದೆವು.

ಇದು ಟಕಯಾಸು ಆರ್ಟರೈಟಿಸ್. ವ್ಯಾಸ್ಕುಲೈಟಿಸ್ ಎಂದರೆ ರಕ್ತನಾಳದ ಗೋಡೆಗೆ ಬರುವ ಉರಿಯೂತ, ಅದರಲ್ಲಿ ಇದೊಂದು ಬಗೆ. ದೇಹವನ್ನು ಕಾಯಬೇಕಾದ ಜೀವಕೋಶಗಳೇ ಮಹಾಧಮನಿ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ) ಮತ್ತು ಅದರ ಕವಲುಗಳ ಗೋಡೆಯ ಮೇಲೆ ಬೀಳುತ್ತವೆ. ಗೋಡೆ ದಪ್ಪವಾಗುತ್ತಾ ಒಳಗಿನ ದಾರಿ ಸಣ್ಣದಾಗುತ್ತದೆ. ಬರುವುದು ಹೆಚ್ಚಾಗಿ 40ರ ಒಳಗಿನ ಹೆಣ್ಣುಮಕ್ಕಳಿಗೆ. 1908ರಲ್ಲಿ ಇಂಥ ಒಬ್ಬ ಯುವತಿಯ ಕಣ್ಣಿನ ನಾಳಗಳನ್ನು ವರ್ಣಿಸಿದವರು ಜಪಾನಿನ ಕಣ್ಣಿನ ವೈದ್ಯ ಮಿಕಿಟೊ ಟಕಯಾಸು. ಇಂಥವರಿಗೆ ಮಣಿಕಟ್ಟಿನ ನಾಡಿಯೂ ಸಿಗುವುದಿಲ್ಲ ಎಂದು ಆಗಲೇ ಅಲ್ಲಿನ ಇನ್ನಿಬ್ಬರು ವೈದ್ಯರು ತೋರಿಸಿಕೊಟ್ಟಿದ್ದರು.

ಮೈಯೊಳಗಿನ ಉರಿಯೂತವನ್ನು ತೋರಿಸುವ ರಕ್ತಪರೀಕ್ಷೆಗಳಲ್ಲಿ ಇಎಸ್‌ಆರ್ 78ಕ್ಕೆ ಏರಿತ್ತು, ಸಿಆರ್‌ಪಿಯೂ ಏರಿತ್ತು. ಆದರೆ ಇವು ಸರಿಯಾಗಿದ್ದರೂ ಒಳಗೆ ಕಾಯಿಲೆ ಉರಿಯುತ್ತಿರಬಹುದು. ಮಹಾಧಮನಿಯ ಚೂರು ಕತ್ತರಿಸಿ ನೋಡುವ ಹಾಗೂ ಇಲ್ಲ ಅಲ್ವಾ? ರಕ್ತನಾಳಗಳ ಚಿತ್ರ ತೆಗೆಯುವ ಸಿಟಿ ಆಂಜಿಯೋಗ್ರಾಮ್ ಮಾಡಿಸಿದೆವು. ಎಡಗೈ ನಾಳ ಹೆಚ್ಚುಕಡಿಮೆ ಮುಚ್ಚಿತ್ತು. ಎಡ ಕಿಡ್ನಿಯ ನಾಳವೂ ಸೊರಗಿತ್ತು, ಬಿಪಿ ಏರಿದ್ದು ಅದರಿಂದಲೇ. ಸಂಜೆ ಜ್ವರ, ತೂಕ ಇಳಿಯುವುದು ಎಂದರೆ ನಮ್ಮಲ್ಲಿ ಟಿಬಿಯನ್ನು ಬಿಡುವಂತಿಲ್ಲ. ಈ ಕಾಯಿಲೆಗೆ ಕೊಡಬೇಕಾದ್ದು ಸ್ಟೀರಾಯ್ಡ್, ಅದನ್ನು ಕೊಟ್ಟರೆ ಮಲಗಿರುವ ಟಿಬಿ ಏಳಬಹುದು. ಎಕ್ಸ್‌ರೇ, ಟಿಬಿಗೆ ಚರ್ಮದಲ್ಲಿ ಮಾಡುವ ಮಾಂಟೂ ಪರೀಕ್ಷೆ ಮುಗಿಸಿಯೇ ಔಷಧಿ ಶುರುಮಾಡಿದೆವು.

ಇಂಥ ಕಾಯಿಲೆಗಳ ತಜ್ಞರಾದ ಬೆಂಗಳೂರಿನ ರುಮಟಾಲಜಿಸ್ಟ್ ಒಬ್ಬರ ಜೊತೆ ಮಾತಾಡಿ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ 40 ಮಿಲಿಗ್ರಾಂ ಕೊಟ್ಟೆ, ಬೆಳಿಗ್ಗೆ ತಿಂಡಿಯಾದ ಮೇಲೆ. ತಿಂಗಳ ನಂತರ ಸ್ವಲ್ಪ ಸ್ವಲ್ಪವೇ ಇಳಿಸಿದೆ. ಒಮ್ಮೆಗೇ ನಿಲ್ಲಿಸಬಾರದು. ಜೊತೆಗೆ ರೋಗನಿರೋಧಕ ಕೋಶಗಳ ದಾಳಿಯನ್ನು ತಗ್ಗಿಸುವ ಮೆಥೊಟ್ರೆಕ್ಸೇಟ್, ವಾರಕ್ಕೆ ಒಂದೇ ದಿನ. ಇದನ್ನು ಹೇಳುವಾಗ ನಾನು ಅವಸರ ಮಾಡುವುದಿಲ್ಲ. ದಿನಾ ನುಂಗಿದರೆ ಬಾಯೆಲ್ಲ ಹುಣ್ಣಾಗಿ, ರಕ್ತಕಣ ಕುಸಿದು, ಜೀವವೇ ಹೋಗಬಹುದು. "ಯಾವ ವಾರ?" ಎಂದು ಕೇಳಿದೆ. "ಸೋಮವಾರ" ಎಂದಳು. ಅಮ್ಮನ ಬಾಯಲ್ಲೂ ಹೇಳಿಸಿದೆ. ಅದರ ಅಡ್ಡಪರಿಣಾಮ ತಗ್ಗಿಸುವ ಫೋಲಿಕ್ ಆಸಿಡ್ ಬೇರೆ ದಿನಕ್ಕೆ ಬರೆದೆ.

ಮದುವೆಯ ಮಾತು ನಡೆಯುತ್ತಿದೆ ಎಂದು ಅವಳಮ್ಮ ಮೆಲ್ಲಗೆ ಹೇಳಿದರು. ಮದುವೆಗೆ ಅಡ್ಡಿಯಿಲ್ಲ, ಆದರೆ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವಾಗ ಬಸುರಾಗಬಾರದು, ಮಗು ಬೇಕೆಂದಾಗ ಮೊದಲೇ ಬನ್ನಿ, ಬೇರೆ ಮಾತ್ರೆಗೆ ಬದಲಿಸೋಣ ಎಂದೆ. ನಾಳವನ್ನು ತೆರೆದಿಡುವ ಜಾಲರಿ ಕೊಳವೆ, ಅಂದರೆ ಸ್ಟೆಂಟ್ ಹಾಕಿಸಿಬಿಡೋಣ ಎಂದು ಅವಳ ಅಣ್ಣನ ಒತ್ತಾಯ. ಗೋಡೆ ಉರಿಯುತ್ತಿರುವಾಗ ಹಾಕಿದರೆ ಮತ್ತೆ ಮುಚ್ಚಿಕೊಳ್ಳುವ ಸಾಧ್ಯತೆ ಜಾಸ್ತಿ. ಕಾಯಿಲೆ ತಣ್ಣಗಾಗಲಿ ಎಂದು ತಡೆದೆ. ಅವಳ ಫೈಲಿನ ಮೇಲೆ ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ ಬರೆದೆ: 'ಬಿಪಿ ಬಲಗೈಯಲ್ಲಿ ಮಾತ್ರ ನೋಡಿ.'

ಈಗ ಹೊಸ ರೋಗಿ ಬಂದರೆ ಮೊದಲ ದಿನ ಎರಡೂ ಕೈಯ ಬಿಪಿ ನೋಡುತ್ತೇವೆ. ಮೇಲಿನ ಅಂಕಿಯಲ್ಲಿ 10ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಮತ್ತೊಮ್ಮೆ. 20 ಬಂದರೆ ಕಾರಣ ಹುಡುಕದೆ ಬಿಡುವುದಿಲ್ಲ. ನಾಡಿಯನ್ನು ಎರಡೂ ಮಣಿಕಟ್ಟಲ್ಲಿ ಒಟ್ಟಿಗೇ ಹಿಡಿಯುತ್ತೇನೆ. ಅರ್ಧ ನಿಮಿಷದ ಕೆಲಸ.

ಮರುವರ್ಷ ಅಡಿಕೆ ಸುಲಿಯುವ ಹೊತ್ತಿಗೆ ಅವಳು ಅರ್ಧ ಗಂಟೆ ಕೂರುವ ಹಾಗಾಗಿದ್ದಳು. ಮುಚ್ಚಿದ ನಾಳದ ಸುತ್ತ ಸಣ್ಣ ನಾಳಗಳು ಬೇರೆ ದಾರಿ ಮಾಡಿಕೊಂಡಿವೆ. ಜ್ವರ ಇಲ್ಲ, ತೂಕ ಮರಳಿದೆ. ಎಡ ಮಣಿಕಟ್ಟಿನ ನಾಡಿ ಮಾತ್ರ ಇನ್ನೂ ಸಿಕ್ಕಿಲ್ಲ. ಬಂದಾಗಲೆಲ್ಲ ಹುಡುಕುತ್ತೇನೆ.