ಕಿವಿಗೆ ಚುಚ್ಚುವ ‘ಸ’ಕಾರವನ್ನು ತಿದ್ದುವುದು ಹೇಗೆ?

ಮನೆಯಲ್ಲೇ ಹಾಡಿ ರೆಕಾರ್ಡ್ ಮಾಡಿದ ಭಾವಗೀತೆಯನ್ನು ಇಯರ್‌ಫೋನ್ ಹಾಕಿ ಕೇಳಿ. ದನಿ ಚೆನ್ನಾಗಿದೆ, ಶ್ರುತಿ ಸರಿಯಿದೆ. ಆದರೆ ‘ಮನಸ್ಸು’, ‘ಸಂತಸ’, ‘ವಿಶೇಷ’ದಂಥ ಪದ ಬಂದಾಗಲೆಲ್ಲ ಕಿವಿಗೆ ಸೂಜಿ ಚುಚ್ಚಿದ ಹಾಗಾಗುತ್ತದೆ. ಸ್ಟುಡಿಯೊದವರು ಇದನ್ನು ಸಿಬಿಲೆನ್ಸ್ ಎನ್ನುತ್ತಾರೆ. ಇದನ್ನು ಕಳೆಯಲು, ‘ಸ’ ಬಂದಾಗಷ್ಟೇ ಅದರ ಸದ್ದು ತಗ್ಗಿಸುವ ಡಿ-ಎಸ್ಸರ್ ಎಂಬ ಪ್ಲಗಿನ್ (ರೆಕಾರ್ಡಿಂಗ್ ತಂತ್ರಾಂಶಕ್ಕೆ ಸೇರಿಸಿಕೊಳ್ಳುವ ಸಾಧನ) ಇದೆ ನಿಜ. ಆದರೆ ಅದಕ್ಕೆ ಮೊದಲು ಮಾಡಬೇಕಾದ ಕೆಲಸವೇ ಹೆಚ್ಚು.

ಹಲ್ಲಿನ ಅಂಚಿಗೆ ತಾಗಿ ನುಗ್ಗುವ ಗಾಳಿಯ ಸದ್ದೇ ‘ಸ’. ಅದರ ಬಲ ಸಾಮಾನ್ಯವಾಗಿ 5ರಿಂದ 9 ಕಿಲೋಹರ್ಟ್ಸ್ ನಡುವೆ ಇರುತ್ತದೆ, ಹೆಣ್ಣುದನಿಯಲ್ಲಿ ಇನ್ನೂ ಸ್ವಲ್ಪ ಮೇಲೆ. ‘ಶ’, ‘ಷ’ಗಳದ್ದು ಅದಕ್ಕಿಂತ ಕೆಳಗೆ, ಹೆಚ್ಚುಕಡಿಮೆ 2.5ರಿಂದ 5 ಕಿಲೋಹರ್ಟ್ಸ್. ಹಾಗಾಗಿ ಬೇರೆಯವರ ದನಿಗೆ ಒಗ್ಗಿದ ಸೆಟ್ಟಿಂಗ್ ನಿಮ್ಮ ದನಿಗೂ ಒಗ್ಗಬೇಕೆಂದಿಲ್ಲ.

ಮೊದಲು ಮೈಕ್

ಕಡಿಮೆ ಬೆಲೆಯ ಎಷ್ಟೋ ಕಂಡೆನ್ಸರ್ ಮೈಕ್‌ಗಳು 8ರಿಂದ 12 ಕಿಲೋಹರ್ಟ್ಸ್ ಭಾಗವನ್ನು ತಾವಾಗಿಯೇ ಎತ್ತಿ ತೋರಿಸುತ್ತವೆ. ಅಂಥ ಮೈಕ್‌ಗೆ ಬಾಯಿ ಹಚ್ಚಿ ಹಾಡಿದರೆ ಸೀಟಿ ಖಚಿತ. ಒಂದು ಗೇಣು, ಅಂದರೆ ಸುಮಾರು 20 ಸೆಂಟಿಮೀಟರ್ ದೂರ ನಿಲ್ಲಿ. ಮೈಕನ್ನು ಮೂಗಿನ ಮಟ್ಟಕ್ಕೆ ಏರಿಸಿ, 20–30 ಡಿಗ್ರಿ ಪಕ್ಕಕ್ಕೆ ತಿರುಗಿಸಿ. ಬಾಯಿಂದ ಹೊರಟ ಗಾಳಿ ಆಗ ಮೈಕ್‌ನ ಮುಖಕ್ಕೆ ನೇರ ಬಡಿಯದೆ ಪಕ್ಕದಲ್ಲಿ ಹಾದುಹೋಗುತ್ತದೆ. ಸಾಲದೆ ಹೋದರೆ ಮೈಕ್‌ನ ಮುಂದೆ, ನಟ್ಟನಡುವೆ, ಒಂದು ಪೆನ್ಸಿಲನ್ನು ನೆಟ್ಟಗೆ ನಿಲ್ಲಿಸಿ ರಬ್ಬರ್ ಬ್ಯಾಂಡ್ ಹಾಕಿ. ಹಳೆಯ ಉಪಾಯ, ಈಗಲೂ ನಡೆಯುತ್ತದೆ. ಸಾಹಿತ್ಯದ ಹಾಳೆ ಇಡುವ ಲೋಹದ ಸ್ಟ್ಯಾಂಡಿನ ಮೇಲೆ ಟವೆಲ್ ಹಾಸಿ. ಬರಿಯ ಲೋಹ ‘ಸ’ವನ್ನು ತಿರುಗಿ ಮೈಕ್‌ಗೇ ಎಸೆಯುತ್ತದೆ. ಪಾಪ್ ಫಿಲ್ಟರ್ ತಡೆಯುವುದು ‘ಪ’, ‘ಭ’ಗಳ ಗಾಳಿಯ ಹೊಡೆತವನ್ನು. ‘ಸ’ಕ್ಕೆ ಅದರಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ.

ಚುಚ್ಚುವ ಜಾಗ ಹುಡುಕಿ

ರೆಕಾರ್ಡಿಂಗ್ ಆಗಿಹೋಗಿದ್ದರೆ, ಅತಿ ಹೆಚ್ಚು ಚುಚ್ಚುವ ಒಂದು ಪದವನ್ನು ಲೂಪ್‌ನಲ್ಲಿ ಹಾಕಿ. ಹೆಡ್‌ಫೋನಿನ ಸದ್ದು ತಗ್ಗಿಸಿಕೊಳ್ಳಿ, ಇದನ್ನು ಮರೆತರೆ ಕಿವಿಗೆ ಪೆಟ್ಟು. ಸದ್ದಿನ ಬೇರೆ ಬೇರೆ ಭಾಗವನ್ನು ಏರಿಸಿ ಇಳಿಸುವ ಈಕ್ವಲೈಜರ್‌ನಲ್ಲಿ ಒಂದು ಬೆಲ್ ಬ್ಯಾಂಡ್ (ಗಂಟೆಯಾಕಾರದ ಏರಿಳಿತ) ತೆರೆದು 10 ಡೆಸಿಬೆಲ್ ಏರಿಸಿ, ಅದು ಎಷ್ಟು ಕಿರಿದೆಂದು ಹೇಳುವ ಕ್ಯೂ ಮೌಲ್ಯ 4ರ ಹತ್ತಿರ ಇಡಿ. ಅದನ್ನು 3ರಿಂದ 10 ಕಿಲೋಹರ್ಟ್ಸ್‌ವರೆಗೆ ಮೆಲ್ಲಗೆ ಸರಿಸುತ್ತ ಹೋಗಿ. ಸಹಿಸಲು ಆಗುವುದೇ ಇಲ್ಲ ಎನಿಸಿದ ಜಾಗದ ಸಂಖ್ಯೆ ಬರೆದುಕೊಳ್ಳಿ. ‘ಶ’ ಇರುವ ಪದಕ್ಕೆ ಇದನ್ನೇ ಬೇರೆಯಾಗಿ ಮಾಡಿ. ಆಮೇಲೆ ಆ ಬ್ಯಾಂಡ್ ತೆಗೆದುಬಿಡಿ. ಅಲ್ಲೇ ಕಾಯಂ ಆಗಿ 6 ಡೆಸಿಬೆಲ್ ಕತ್ತರಿಸುವವರಿದ್ದಾರೆ. ಅದರಿಂದ ‘ಸ’ ಜೊತೆಗೆ ಇಡೀ ದನಿಯ ಹೊಳಪೂ ಹೋಗಿ, ಕಂಬಳಿ ಹೊದ್ದು ಹಾಡಿದಂತೆ ಕೇಳುತ್ತದೆ.

ಕೈಯಿಂದ ತಗ್ಗಿಸಿ

ಬೇಸರದ ಕೆಲಸ, ಆದರೆ ಇಷ್ಟು ಚೊಕ್ಕವಾದ ಫಲ ಬೇರೆ ಯಾವುದರಿಂದಲೂ ಸಿಗದು. ತೆರೆಯ ಮೇಲೆ ಕಾಣುವ ಸದ್ದಿನ ಅಲೆಚಿತ್ರವನ್ನು, ಅಂದರೆ ವೇವ್‌ಫಾರ್ಮನ್ನು, ದೊಡ್ಡದು ಮಾಡಿ ನೋಡಿ. ಸ್ವರಗಳು (‘ಅ’, ‘ಆ’ದಂಥ ಸ್ವರಾಕ್ಷರಗಳು) ಒಂದೇ ಆಕಾರದ ಅಲೆಗಳಾಗಿ ಸಾಲಾಗಿ ಬರುತ್ತವೆ. ‘ಸ’ ಮಾತ್ರ ಕಂಬಳಿಹುಳುವಿನಂತೆ ದಟ್ಟ ಕೂದಲಿನ ಗಂಟು. ಉದ್ದ 100 ಮಿಲಿಸೆಕೆಂಡಿನ ಆಸುಪಾಸು. ‘ಮನಸ್ಸು’, ‘ತಪಸ್ಸು’ಗಳ ಒತ್ತಕ್ಷರ ಇನ್ನೂ ಉದ್ದ, ತೊಂದರೆ ಕೊಡುವುದೂ ಅದೇ ಹೆಚ್ಚು. ರೆಕಾರ್ಡಿಂಗ್ ತಂತ್ರಾಂಶ ಆಡಾಸಿಟಿಯಲ್ಲಾದರೆ ಆ ಗಂಟನ್ನಷ್ಟೇ ಆಯ್ದು ಆಂಪ್ಲಿಫೈ ಎಫೆಕ್ಟ್‌ನಲ್ಲಿ ಮೈನಸ್ 4 ಡೆಸಿಬೆಲ್ ಕೊಡಿ. ರೀಪರ್ ಎಂಬ ಇನ್ನೊಂದು ತಂತ್ರಾಂಶದಲ್ಲಿ ಗಂಟಿನ ಎರಡೂ ಬದಿ ಸ್ಪ್ಲಿಟ್ ಮಾಡಿ, ಆ ತುಂಡಿನ ವಾಲ್ಯೂಮ್ 3ರಿಂದ 6 ಡೆಸಿಬೆಲ್ ಇಳಿಸಿ, ಅಂಚುಗಳಿಗೆ 5–10 ಮಿಲಿಸೆಕೆಂಡಿನ ಫೇಡ್ (ಸದ್ದು ಮೆಲ್ಲಗೆ ಏರುವ, ಇಳಿಯುವ ಜಾರು) ಕೊಡಿ. ಫೇಡ್ ಇಲ್ಲದಿದ್ದರೆ ‘ಟಿಕ್’ ಎನ್ನುತ್ತದೆ. ಎಲ್ಲವನ್ನೂ ಹೀಗೆ ತಿದ್ದಬೇಕಾಗಿಲ್ಲ, ತೀರಾ ಕೆಟ್ಟದಾಗಿರುವಷ್ಟು ಸಾಕು.

ಈಗ ಡಿ-ಎಸ್ಸರ್

ದುಡ್ಡು ಕೊಟ್ಟು ಕೊಳ್ಳಲೇಬೇಕೆಂದಿಲ್ಲ. ಟೋಕಿಯೊ ಡಾನ್ ಲ್ಯಾಬ್ಸ್‌ನ ನೋವಾ ಎಂಬ ಡೈನಮಿಕ್ ಈಕ್ವಲೈಜರ್‌ನ (ಸದ್ದು ಮಿತಿ ಮೀರಿದಾಗಷ್ಟೇ ಕೆಲಸ ಮಾಡುವ ಈಕ್ವಲೈಜರ್) ಉಚಿತ ಆವೃತ್ತಿಯೇ ಸಾಕು. ಬರೆದಿಟ್ಟ ಸಂಖ್ಯೆಯ ಮೇಲೆ ಒಂದು ಬ್ಯಾಂಡ್ ಇಡಿ, ಕ್ಯೂ 2ರ ಹತ್ತಿರ. ರೇಷಿಯೊ (ಎಷ್ಟು ತಗ್ಗಿಸಬೇಕು) 3:1, ಅಟ್ಯಾಕ್ (ಎಷ್ಟು ಬೇಗ ಹಿಡಿಯಬೇಕು) 1 ಮಿಲಿಸೆಕೆಂಡ್, ರಿಲೀಸ್ (ಎಷ್ಟು ಬೇಗ ಬಿಡಬೇಕು) 50ರ ಹತ್ತಿರ. ಅಟ್ಯಾಕ್ ನಿಧಾನವಾದರೆ ‘ಚ’, ‘ಛ’ಗಳ ಮೊನೆ ತಪ್ಪಿಸಿಕೊಳ್ಳುತ್ತದೆ. ರಿಲೀಸ್ ಉದ್ದವಾದರೆ ‘ಸಾ’ ಎಂದಾಗ ಮುಂದಿನ ‘ಆ’ ಕೂಡ ಮಬ್ಬಾಗುತ್ತದೆ. ನಂತರ ಥ್ರೆಶೋಲ್ಡನ್ನು, ಅಂದರೆ ಯಾವ ಮಟ್ಟ ಮೀರಿದರೆ ತಗ್ಗಿಸಬೇಕೆಂಬ ಗಡಿಯನ್ನು, ಇಳಿಸುತ್ತ ಬನ್ನಿ: ‘ಸ’ ಬಂದಾಗ ಬ್ಯಾಂಡ್ 3–5 ಡೆಸಿಬೆಲ್ ತಗ್ಗಬೇಕು, ಸ್ವರ ಎಳೆಯುವಾಗ ಅಲುಗಲೇಬಾರದು. ‘ಸಂತಸ’ ಎಂಬುದು ‘ಥಂತಥ’ ಎಂದು ಕೇಳತೊಡಗಿದರೆ ಅತಿಯಾಯಿತು ಎಂದೇ ಅರ್ಥ, ಥ್ರೆಶೋಲ್ಡ್ ಮೇಲಕ್ಕೆ ಎತ್ತಿ. ‘ಶ’ ಬೇರೆ ಕಡೆ ಚುಚ್ಚುತ್ತಿದ್ದರೆ ಅದಕ್ಕೆ ಇನ್ನೊಂದು ಬ್ಯಾಂಡ್. ಒಂದೇ ಕಡೆ 8 ಡೆಸಿಬೆಲ್ ಎಳೆಯುವುದಕ್ಕಿಂತ ಎರಡು ಕಡೆ ಮೂರು ಮೂರು ತಗ್ಗಿಸುವುದು ಸಹಜವಾಗಿ ಕೇಳುತ್ತದೆ.

ಇಷ್ಟಾದರೂ ಸೀಟಿ ಮರಳಿ ಬಂದರೆ, ಜೋರು ಸದ್ದನ್ನು ಅದುಮಿ ಮಟ್ಟ ಸಮಮಾಡುವ ಕಂಪ್ರೆಸರ್ ನೋಡಿ. ಸ್ವರಗಳ ಮಟ್ಟ ಹೆಚ್ಚು, ಅವನ್ನು ಅದು ಅದುಮುತ್ತದೆ. ‘ಸ’ದ ಮಟ್ಟ ಕಡಿಮೆ, ಎಷ್ಟೋ ಸಲ ಹಿಡಿತಕ್ಕೇ ಸಿಗುವುದಿಲ್ಲ. ಕೊನೆಗೆ, ಅದುಮಿದ್ದನ್ನು ಸರಿದೂಗಿಸುವ ಮೇಕಪ್ ಗೇನ್ 6 ಡೆಸಿಬೆಲ್ ಏರಿಸಿದಿರೋ, ಅಷ್ಟರ ಪೂರ್ತಿ ಲಾಭ ‘ಸ’ಕ್ಕೇ. ಆದ್ದರಿಂದ ಕೈಯಿಂದ ತಿದ್ದುವ ಕೆಲಸ ಕಂಪ್ರೆಸರ್‌ಗಿಂತ ಮೊದಲೇ ಮುಗಿದಿರಲಿ, ಡಿ-ಎಸ್ಸರ್ ಕಂಪ್ರೆಸರ್‌ನ ನಂತರ ಬರಲಿ. ದನಿಗೆ ಹೊಳಪು ಕೊಡಲು 10 ಕಿಲೋಹರ್ಟ್ಸ್ ಮೇಲೆ ಏರಿಸುವುದಿದ್ದರೆ ಅದನ್ನೂ ಡಿ-ಎಸ್ಸರ್‌ಗೆ ಮುಂಚೆಯೇ ಮಾಡಿ.

ದನಿಗೆ ಅನುರಣನ ಸೇರಿಸುವ ರಿವರ್ಬ್ ಇನ್ನೊಂದು ಅಡಗುತಾಣ. ದನಿ ಸ್ವಚ್ಛವಾಗಿದ್ದರೂ ಅದರ ಬಾಲದಲ್ಲಿ ‘ಸ್ಸ್ಸ್’ ಎಂಬ ತುಂತುರು ಉಳಿದಿರುತ್ತದೆ. ರಿವರ್ಬ್‌ಗೆ ಹೋಗುವ ಚಾನೆಲ್‌ನಲ್ಲಿ, ರಿವರ್ಬ್‌ಗಿಂತ ಮುಂಚೆ, ಇನ್ನೊಂದು ಡಿ-ಎಸ್ಸರ್ ಹಾಕಿ. ಇಲ್ಲಿ 8–10 ಡೆಸಿಬೆಲ್ ಕತ್ತರಿಸಿದರೂ ಮೂಲ ದನಿಗೆ ಧಕ್ಕೆಯಿಲ್ಲ. ಕೋರಸ್ ಇದ್ದರೆ ಒಬ್ಬರ ‘ಸ’ವನ್ನು ಮಾತ್ರ ಉಳಿಸಿಕೊಂಡು ಮಿಕ್ಕವರದನ್ನು ಫೇಡ್ ಮಾಡಿ; ನಾಲ್ಕು ಜನರ ‘ಸ’ ಒಂದೇ ಗಳಿಗೆಗೆ ಬೀಳುವುದೇ ಇಲ್ಲ.

ಪರೀಕ್ಷೆಯನ್ನು ಮರುದಿನ ಬೆಳಿಗ್ಗೆಗೆ ಇಟ್ಟುಕೊಳ್ಳಿ. ಗಂಟೆಗಟ್ಟಲೆ ಕೇಳಿದ ಕಿವಿ ಚುಚ್ಚುವಿಕೆಗೆ ಒಗ್ಗಿಹೋಗಿರುತ್ತದೆ. ಮೊಬೈಲಿನ ಸ್ಪೀಕರ್, ಅಗ್ಗದ ಇಯರ್‌ಫೋನ್ ಎರಡರಲ್ಲೂ ಕೇಳಿ. 128 ಕೆಬಿಪಿಎಸ್ ಎಂಪಿ3 (ಅದುಮಿ ಚಿಕ್ಕದು ಮಾಡಿದ ಫೈಲ್) ಮಾಡಿ ಇನ್ನೊಮ್ಮೆ ಕೇಳಿ. ಅದರಲ್ಲಿ ಯಾವುದಾದರೂ ಒಂದು ಪದ ನೀರಿನಲ್ಲಿ ಮುಳುಗಿದಂತೆ ಗುಳುಗುಳು ಎಂದರೆ, ಡಿ-ಎಸ್ಸರ್ ಮುಟ್ಟದೆ ಆ ಒಂದು ಪದದ ಕಂಬಳಿಹುಳುವನ್ನು ಇನ್ನೆರಡು ಡೆಸಿಬೆಲ್ ಇಳಿಸಿ.