ಒಣಗಿಸುವ ವಿಧಾನ ಬದಲಾದರೆ ಪೆಲೆಟ್‌ನಿಂದ ಔಷಧ ಬಿಡುಗಡೆ ಹೇಗೆ ಬದಲಾಗುತ್ತದೆ: ಹೋಲಿಸಿ ನೋಡುವ ಕ್ರಮ

ಮೈಕ್ರೋಕ್ರಿಸ್ಟಲೈನ್ ಸೆಲ್ಯುಲೋಸ್‌ನಿಂದ (ಸಸ್ಯನಾರಿನಿಂದ ಪಡೆದ ಶುದ್ಧ ಪುಡಿ) ಮಾಡಿದ ಪೆಲೆಟ್, ಅಂದರೆ ಔಷಧ ಸೇರಿಸಿದ ಸಣ್ಣ ದುಂಡು ಕಾಳು, ನೀರಿಗೆ ಬಿದ್ದರೆ ಸಾಮಾನ್ಯವಾಗಿ ಒಡೆಯುವುದಿಲ್ಲ. ಔಷಧವು ಒಳಗಿನ ಸೂಕ್ಷ್ಮ ರಂಧ್ರಗಳ ಮೂಲಕ ನಿಧಾನವಾಗಿ ಹೊರಬರಬೇಕು, ಆ ರಂಧ್ರಗಳು ಎಷ್ಟು ಉಳಿಯುತ್ತವೆ ಎಂಬುದು ಬಹುಮಟ್ಟಿಗೆ ಒಣಗಿಸುವ ಹಂತದಲ್ಲೇ ನಿರ್ಧಾರವಾಗುತ್ತದೆ. ಎಂ.ಫಾರ್ಮ್ ವಿದ್ಯಾರ್ಥಿಗಳು ಸುಲಭವಾಗಿ ಮಾಡಿನೋಡಬಹುದಾದ ಥಿಯೋಫಿಲಿನ್ (ಉಬ್ಬಸದ ಔಷಧ) ಪೆಲೆಟ್‌ಗಳನ್ನೇ ಇಲ್ಲಿ ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ.

ಥಿಯೋಫಿಲಿನ್ 20 ಭಾಗ ಮತ್ತು ಸೆಲ್ಯುಲೋಸ್ 80 ಭಾಗವನ್ನು ಬೆರೆಸಿ, ಒಣಪುಡಿಯ ತೂಕಕ್ಕೆ ಹೆಚ್ಚುಕಡಿಮೆ ಸಮನಾದ ನೀರಿನಲ್ಲಿ ಕಲಸಿ, 1 ಮಿ.ಮೀ. ಜಾಲರಿಯ ಎಕ್ಸ್‌ಟ್ರೂಡರ್‌ನಲ್ಲಿ ಎಳೆ ತೆಗೆದು ಸ್ಫೆರೊನೈಸರ್‌ನಲ್ಲಿ ಉಂಡೆ ಕಟ್ಟಿಸಿ. ಒಣಗಿಸುವ ಮೂರು ವಿಧಾನಗಳಿಗೆ ಮೂರು ಬ್ಯಾಚ್ ಮಾಡಬೇಡಿ. ಒಂದೇ ಬ್ಯಾಚ್‌ನ ಹಸಿ ಪೆಲೆಟ್‌ಗಳನ್ನು ಗಾಳಿಯಾಡದ ಡಬ್ಬಿಗಳಲ್ಲಿ ಮೂರು ಪಾಲು ಮಾಡಿ ಕೂಡಲೇ ಒಣಗಿಸಲು ತೊಡಗಿ, ಇಲ್ಲವಾದರೆ ಕಲಸಿದ ಹದದ ವ್ಯತ್ಯಾಸವೂ ಒಣಗಿಸಿದ್ದರ ಲೆಕ್ಕಕ್ಕೆ ಸೇರಿಬಿಡುತ್ತದೆ.

ಮೊದಲ ಪಾಲನ್ನು ಟ್ರೇ ಡ್ರೈಯರ್‌ನಲ್ಲಿ ಒಂದೇ ಪದರವಾಗಿ ಹರಡಿ 50 ಡಿಗ್ರಿ ಸೆಲ್ಸಿಯಸ್‌ನಲ್ಲಿಡಿ. ಎರಡನೆಯದನ್ನು ಅದೇ ಉಷ್ಣತೆಯ ಒಳಗಾಳಿಯಿರುವ (ಒಳಗೆ ಬಿಡುವ ಗಾಳಿ) ಫ್ಲೂಯಿಡ್ ಬೆಡ್ ಡ್ರೈಯರ್‌ಗೆ, ಅಂದರೆ ಕಾಳುಗಳನ್ನು ಬಿಸಿಗಾಳಿಯಲ್ಲಿ ತೇಲಿಸಿ ಒಣಗಿಸುವ ಯಂತ್ರಕ್ಕೆ ಹಾಕಿ. ಮೂರನೆಯದನ್ನು ಗಟ್ಟಿಯಾಗಿ ಹೆಪ್ಪುಗಟ್ಟಿಸಿ ಫ್ರೀಜ್ ಡ್ರೈಯರ್‌ಗೆ ಕೊಡಿ. ಟ್ರೇಯಲ್ಲಿ ನೀರು ನಿಧಾನವಾಗಿ ಹೊರಡುವಾಗ ಸೆಲ್ಯುಲೋಸ್ ಎಳೆಗಳು ಒಂದಕ್ಕೊಂದು ಸೆಳೆದುಕೊಂಡು, ಬಿಸಿಲಿಗಿಟ್ಟ ಸಂಡಿಗೆಯಂತೆ ಪೆಲೆಟ್ ಬಿಗಿದುಕೊಳ್ಳುತ್ತದೆ. ಫ್ರೀಜ್ ಡ್ರೈಯರ್‌ನಲ್ಲಿ ಮಂಜುಗಡ್ಡೆ ನೇರವಾಗಿ ಆವಿಯಾಗುವುದರಿಂದ ಈ ಸೆಳೆತವೇ ಇರುವುದಿಲ್ಲ, ಮಂಜಿದ್ದ ಜಾಗವೆಲ್ಲ ರಂಧ್ರವಾಗಿ ಉಳಿಯುತ್ತದೆ. ಉಗುರಿನಿಂದ ಒತ್ತಿ ನೋಡಿದರೆ ಸಾಕು: ಟ್ರೇಯ ಕಾಳು ಜಗ್ಗುವುದಿಲ್ಲ, ಫ್ರೀಜ್ ಡ್ರೈಯರ್‌ನದು ಪುಡಿಯಾಗುತ್ತದೆ. ಫ್ಲೂಯಿಡ್ ಬೆಡ್‌ನದು ಸಾಮಾನ್ಯವಾಗಿ ಇವೆರಡರ ನಡುವೆ ನಿಲ್ಲುತ್ತದೆ.

ಒಣಗಿಸುವುದನ್ನು ಗಡಿಯಾರ ನೋಡಿ ನಿಲ್ಲಿಸಬಾರದು, ಮೂರೂ ಪಾಲುಗಳು ಒಂದೇ ಅಂತಿಮ ತೇವಾಂಶಕ್ಕೆ ಬರಬೇಕು. ಇಲ್ಲೊಂದು ಎಚ್ಚರಿಕೆ ಅಗತ್ಯ. ಕಲಸುವಾಗ ಥಿಯೋಫಿಲಿನ್ ಮಾನೋಹೈಡ್ರೇಟ್ ಆಗಿ ತನ್ನ ಹರಳಿನೊಳಗೆ ನೀರನ್ನು ಹಿಡಿದುಕೊಳ್ಳಬಲ್ಲದು, 20 ಗ್ರಾಂ ಥಿಯೋಫಿಲಿನ್ ಪೂರ್ತಿ ಹಾಗಾದರೆ ಆ ನೀರೇ 2 ಗ್ರಾಂ. 105 ಡಿಗ್ರಿಯ ತೇವಾಂಶ ತಕ್ಕಡಿ ಈ ನೀರನ್ನೂ ಸೇರಿಸಿ ತೋರಿಸುವುದರಿಂದ, ಅಂಕಿ ಒಂದೇ ಆಗಿದ್ದರೂ ಹರಳಿನ ರೂಪ ಬೇರೆಯಾಗಿರಬಹುದು, ರೂಪ ಬೇರೆಯಾದರೆ ಕರಗುವ ವೇಗವೂ ಬೇರೆ. ಹರಳಿನ ರೂಪ ಗುರುತಿಸುವ ಎಕ್ಸ್-ರೇ ಡಿಫ್ರಾಕ್ಷನ್ ಮಾಡಿಸದೆ ಎಲ್ಲ ವ್ಯತ್ಯಾಸವನ್ನೂ ರಂಧ್ರಗಳ ತಲೆಗೆ ಕಟ್ಟುವುದು ತಪ್ಪು.

ಬಳಿಕ 0.85ರಿಂದ 1.18 ಮಿ.ಮೀ. ನಡುವಿನ ಕಾಳುಗಳನ್ನಷ್ಟೇ ಜರಡಿ ಹಿಡಿದು ತೆಗೆದುಕೊಳ್ಳಿ. ಒಣಗುವ ಮುಂಚಿನ ಮತ್ತು ನಂತರದ ವ್ಯಾಸವನ್ನೂ ಬರೆದಿಡಿ, ಏಕೆಂದರೆ ಹೆಚ್ಚು ಕುಗ್ಗಿದ ಪಾಲಿನಲ್ಲಿ ಈ ಜರಡಿಗೆ ಸಿಗುವವು ಹಸಿಯಾಗಿದ್ದಾಗ ದೊಡ್ಡದಾಗಿದ್ದ ಕಾಳುಗಳು.

ಬಿಡುಗಡೆಯ ಪರೀಕ್ಷೆಯನ್ನು ಬಾಸ್ಕೆಟ್ ಉಪಕರಣದಲ್ಲಿ (ಪೆಲೆಟ್ ತುಂಬಿದ ಜಾಲರಿ ಬುಟ್ಟಿ ನೀರಿನಲ್ಲಿ ತಿರುಗುವ ಸಾಧನ) 900 ಮಿ.ಲೀ. ನೀರು, 37 ಡಿಗ್ರಿ, ನಿಮಿಷಕ್ಕೆ 100 ಸುತ್ತಿನಲ್ಲಿ ನಡೆಸಿ. 5, 10, 15, 30, 60, 90, 120ನೇ ನಿಮಿಷಗಳಲ್ಲಿ ಮಾದರಿ ತೆಗೆದು, ಸೋಸಿ, 271 ನ್ಯಾನೋಮೀಟರ್‌ನ ಅತಿನೇರಳೆ ಬೆಳಕನ್ನು ಎಷ್ಟು ಹೀರುತ್ತದೆ ಎಂದು ಅಳೆಯಿರಿ. ಪಾತ್ರೆಯ ತಳವನ್ನು ನೋಡಲು ಮರೆಯಬೇಡಿ: ಬುಟ್ಟಿಯ ಜಾಲರಿಯಿಂದ ಪುಡಿ ಉದುರಿದ್ದರೆ ನೀವು ಅಳೆದದ್ದು ಪೆಲೆಟ್‌ನ ಬಿಡುಗಡೆಯನ್ನಲ್ಲ.

ಬಿಡುಗಡೆಯ ಪ್ರಮಾಣವನ್ನು ಕಾಲದ ವರ್ಗಮೂಲಕ್ಕೆ ಎದುರಾಗಿ ಗುರುತಿಸಿದಾಗ ಸುಮಾರು ಶೇ. 60ರವರೆಗೆ ನೇರ ಗೆರೆ ಬಂದರೆ, 1961ರಲ್ಲಿ ಔಷಧ ವಿಜ್ಞಾನಿ ಹಿಗುಚಿ ತೋರಿಸಿದ ರೀತಿಯ ವಿಸರಣೆ (ಔಷಧ ತಾನಾಗಿ ಹರಡುತ್ತ ಹೊರಬರುವುದು) ಎಂದು ಊಹಿಸಬಹುದು. ಗೆರೆಯ ಓರೆ ಫ್ರೀಜ್ ಡ್ರೈಯರ್ ಪಾಲಿನಲ್ಲಿ ಹೆಚ್ಚು, ಟ್ರೇ ಪಾಲಿನಲ್ಲಿ ಕಡಿಮೆ ಇರುವುದು ವಾಡಿಕೆ. ಆದರೆ ಟ್ರೇ ಪಾಲಿನ ಮೊದಲ 5 ನಿಮಿಷದ ಅಂಕಿ ಮಾತ್ರ ಅನಿರೀಕ್ಷಿತವಾಗಿ ಮೇಲಿದ್ದರೆ, ಕರಗಿದ ಔಷಧ ನೀರಿನೊಂದಿಗೆ ಮೇಲ್ಮೈಗೆ ಸಾಗಿಬಂದಿದೆಯೇ ಎಂದು ಪರಿಶೀಲಿಸಿ.

ವೇಗವೊಂದನ್ನೇ ನೋಡಿ ಫ್ರೀಜ್ ಡ್ರೈಯಿಂಗ್ ಆರಿಸುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಆ ಮೆದು ಕಾಳುಗಳು ಹೊರಪದರ ಹಚ್ಚುವ ಕೋಟಿಂಗ್ ಯಂತ್ರದಲ್ಲಿ ಸವೆಯುತ್ತವೆ. ಪ್ರಯೋಗಾಲಯದ ಟ್ರೇಯಿಂದ ಕಾರ್ಖಾನೆಯ ಫ್ಲೂಯಿಡ್ ಬೆಡ್‌ಗೆ ಹೋಗುವವರು ಎರಡೂ ಬಿಡುಗಡೆ ರೇಖೆಗಳು ಎಷ್ಟು ಹೋಲುತ್ತವೆ ಎಂದು ತೋರಿಸುವ ಎಫ್2 ಮೌಲ್ಯವನ್ನು ಲೆಕ್ಕ ಹಾಕಲಿ, ಅದು 50ಕ್ಕಿಂತ ಕೆಳಗಿದ್ದರೆ ಕೋಟಿಂಗ್‌ಗೆ ಕೈಹಾಕುವ ಮುನ್ನ ಒಳಗಾಳಿಯ ಉಷ್ಣತೆಯನ್ನೂ ಒಣಗಿಸುವ ವೇಗವನ್ನೂ ಮತ್ತೆ ಹೊಂದಿಸಬೇಕು.